ಬರೆಯದೆ ಬಿಟ್ಟ ಒಂದು

ತೋಡಾರು
25 ಜುಲೈ 2024

ಪ್ರೀತಿಯ ವಾರಿಜಕ್ಕನಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮ ತಮ್ಮ ಜಿತೇಶ್ ಅವರ ಹೆಂಡತಿ, ಪ್ರಾಪ್ತಿ. ಮದುವೆಯಾಗಿ ಐದು ತಿಂಗಳು ಹನ್ನೊಂದು ದಿನ! ಎಣಿಸುತ್ತಿದ್ದೇನೆ, ನಗಬೇಡಿ. ಮೊದಲ ಆಟಿ ತಿಂಗಳಲ್ಲಿ ಮದುಮಗಳು ಗಂಡನ ಮನೆಯಲ್ಲಿ ಇರಬಾರದಲ್ಲ, ಅದಕ್ಕೆ ನನ್ನನ್ನು ತೋಡಾರಿಗೆ ಅಮ್ಮನ ಮನೆಗೆ ಕಳಿಸಿದ್ದಾರೆ. ಸಿದ್ಧಕಟ್ಟೆ ಇಲ್ಲಿಂದ ಏನು ಮಹಾ ದೂರ ಹೇಳಿ? ಆದರೂ ಸಮುದ್ರದಾಚೆ ಇದ್ದ ಹಾಗೆ ಅನಿಸುತ್ತದೆ. ಜಿತೇಶ್ ದಿನಾ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೋಟೆಲಿನ ಬನ್ಸ್ ಕಳಿಸುತ್ತಾರೆ. "ನಿನ್ನ ಗಂಡನಿಗೆ ಬೇರೆ ಕೆಲಸ ಇಲ್ಲವಾ ಮಾರಾಯ್ತಿ, ಮನೆ ತುಂಬ ಬನ್ಸ್ ಆಯ್ತು" ಎಂದು ಅಮ್ಮ ಬೈಯುತ್ತಾರೆ, ಬೈದು ಎರಡು ತಿನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಮಿಜಾರಿನ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕಲಿತದ್ದೆಲ್ಲ ಇಂಗ್ಲಿಷ್ ಮೀಡಿಯಂ. ಈ ವರ್ಷ ಕನ್ನಡ ವಿಭಾಗದ ಟೀಚರ್ ಹೆರಿಗೆ ರಜೆಗೆ ಹೋದರು. ಹೆಡ್‌ಮಾಸ್ಟರ್ ಆ ಮಕ್ಕಳನ್ನೂ ನನ್ನ ತಲೆಗೆ ಕಟ್ಟಿದರು. ಮೊದಲ ವಾರವೇ ಮಾನ ಹೋಯಿತು, ಅಕ್ಕ! ಬೋರ್ಡಿನ ಮೇಲೆ -4a³bc² ಎಂದು ಬರೆದು, ಇದರ ಡಿಗ್ರಿ ಐದು ಎಂದೆ. ಮೋಕ್ಷಿತಾ ಎಂಬ ಹುಡುಗಿ ಎದ್ದು ನಿಂತು, "ಮಿಸ್, ನಡುವಿನ b ಎಲ್ಲಿ ಹೋಯ್ತು?" ಎಂದಳು. ಇಡೀ ಕ್ಲಾಸು ನಕ್ಕಿತು.

ಆ ಸಂಜೆ ಅಡುಗೆಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಆಟಿಗೆ ಹೊರಡುವ ಹಿಂದಿನ ದಿನ ಪೇಪರಿನಲ್ಲಿ ಸುತ್ತಿದ ಒಂದು ನೋಟ್‌ಬುಕ್ ತಂದು, "ಇದರಲ್ಲಿ ಎಲ್ಲ ಉಂಟು, ಕನ್ನಡದಲ್ಲೇ ಉಂಟು" ಎಂದು ನನ್ನ ಚೀಲಕ್ಕೆ ಹಾಕಿದರು. ಲೇಬಲ್ ಹರಿದಿತ್ತು. ಆದರೂ ಅದು ಯಾರದ್ದೆಂದು ಕೇಳಬೇಕಾಗಲಿಲ್ಲ.

ಎಂಥ ಅಕ್ಷರ ಅಕ್ಕ ನಿಮ್ಮದು! ಒಂದು ಪುಟದಲ್ಲಿ ನೀವು 7x²y ಯ ಘಾತ ಎರಡು ಎಂದು ಬರೆದಿದ್ದೀರಿ. ನಿಮ್ಮ ಟೀಚರ್ ಕೆಂಪು ಶಾಯಿಯಲ್ಲಿ, "y ಯ ತಲೆಯ ಮೇಲಿನ ಒಂದು ಎಲ್ಲಿ?" ಎಂದು ಕೇಳಿದ್ದಾರೆ. ಅದರ ಕೆಳಗೆ ನೀವು ಹತ್ತು ಸಲ ಬರೆದಿದ್ದೀರಿ: ಬರೆಯದಿದ್ದರೂ ಒಂದು ಉಂಟು. ಬರೆಯದಿದ್ದರೂ ಒಂದು ಉಂಟು. ನನ್ನದೇ ತಪ್ಪು! ಕುಣಿದಾಡುವಷ್ಟು ಖುಷಿಯಾಯಿತು.

ಅದೇ ಪುಟದಲ್ಲಿ ಒಂದು ಲಕೋಟೆ ಇತ್ತು. 2015ರ ಮುದ್ರೆ, ಅತ್ತೆಯ ಹೆಸರಿಗೆ. ಹಿಂದೆ ನಿಮ್ಮ ವಿಳಾಸ. ಅದನ್ನೇ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಮಗಳ ಸುದ್ದಿ ತೆಗೆಯಬೇಡ ಎಂದು ಮದುವೆಗೆ ಮೊದಲೇ ನನಗೆ ಹೇಳಿದ್ದರು. ನಿಮ್ಮ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಧನರಾಜ್ ಅವರನ್ನು ನೀವು ಮದುವೆಯಾದಿರಿ, ಜಾತಿ ಬೇರೆ, ಮಾವ ಆ ದಿನದಿಂದ ನಿಮ್ಮ ಹೆಸರು ಎತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೆ. ನಿಮ್ಮ ಬಗ್ಗೆ ಕೇಳಿದಾಗ ಜಿತೇಶ್, ಹೋಟೆಲಿನ ಸ್ಟೋರಿನಲ್ಲಿ ಅಕ್ಕಿಚೀಲದ ಮೇಲೆ ಕೂರಿಸಿ ಅಕ್ಕ ಮಗ್ಗಿ ಹೇಳಿಸುತ್ತಿದ್ದಳು ಎಂದರು, ಕಣ್ಣು ಒರೆಸಿಕೊಂಡು "ಈರುಳ್ಳಿ" ಎಂದರು. ಅವರ ಕೈಯಲ್ಲಿದ್ದದ್ದು ಸೌತೆಕಾಯಿ!

ದಯವಿಟ್ಟು ಹೇಳಿಕೊಡಿ. ಡಿಗ್ರಿಯನ್ನು ಮಕ್ಕಳ ತಲೆಗೆ ಹೋಗುವ ಹಾಗೆ ಹೇಗೆ ಹೇಳುವುದು? ಬರೀ 9 ಇದ್ದರೆ ಎಷ್ಟು? 0 ಇದ್ದರೆ ಎಷ್ಟು? ಇನ್ನೊಂದು ಆಸೆಯೂ ಉಂಟು. ಬರೆದೇಬಿಡುತ್ತೇನೆ: ನೀವು ಒಮ್ಮೆ ಮನೆಗೆ ಬರಬೇಕು. ಅತ್ತೆ ಬಾಯಿ ಬಿಟ್ಟು ಕೇಳಿಲ್ಲ, ನಾನೇ ಕೇಳುತ್ತಿದ್ದೇನೆ.

ಉತ್ತರವನ್ನು ಶಾಲೆಯ ವಿಳಾಸಕ್ಕೆ ಹಾಕಿ. ಮನೆಗೆ ಬಂದ ಟಪಾಲೆಲ್ಲ ಮೊದಲು ಮಾವನ ಕ್ಯಾಶ್ ಟೇಬಲಿಗೆ ಹೋಗುತ್ತದೆ.

ನಿಮ್ಮನ್ನು ನೋಡದೆಯೇ ಪ್ರೀತಿಸುವ,
ಪ್ರಾಪ್ತಿ


ಬೆಳ್ತಂಗಡಿ
9 ಆಗಸ್ಟ್ 2024

ಪ್ರಾಪ್ತಿಗೆ,

ನಿನ್ನ ಕಾಗದ ಸಿಕ್ಕಿತು. ಲೆಕ್ಕದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ನಾನು ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಟ್ಯೂಷನ್ ಕೊಡುವವಳು. ಅವರಿಗೆ ಹೇಳುವ ಹಾಗೆಯೇ ನಿನಗೂ ಹೇಳುತ್ತೇನೆ.

ಏಕಪದೋಕ್ತಿ ಎಂದರೆ ಒಂದೇ ಪದ. ನಡುವೆ ಕೂಡಿಸುವ, ಕಳೆಯುವ ಚಿಹ್ನೆ ಇರುವುದಿಲ್ಲ. ನೀನು ಡಿಗ್ರಿ ಎನ್ನುವುದನ್ನು ನಾವು ಘಾತ ಎನ್ನುತ್ತಿದ್ದೆವು. ಸೂತ್ರ ಬಾಯಿಪಾಠ ಮಾಡಿಸಬೇಡ. ಅಂಗಳ ಗುಡಿಸುವ ತೆಂಗಿನ ಹಿಡಿಸೂಡಿಯ ಕಡ್ಡಿ ಮುರಿದು ಮಕ್ಕಳ ಕೈಗೆ ಕೊಡು. a³bc² ಅನ್ನು ಬಿಡಿಸಿ ಬರೆಸು: a, a, a, b, c, c. ಒಂದೊಂದು ಅಕ್ಷರದ ಕೆಳಗೆ ಒಂದೊಂದು ಕಡ್ಡಿ ಇಡಿಸು. ಎಣಿಸಿದರೆ ಆರು. ಅದೇ ಘಾತ. b ಯ ತಲೆಯ ಮೇಲೆ ಏನೂ ಬರೆದಿಲ್ಲವೆಂದು ಅದರ ಕೆಳಗೆ ಕಡ್ಡಿ ಇಡದವನಿಗೆ ಎಂದೂ ಉತ್ತರ ಸರಿ ಬರುವುದಿಲ್ಲ.

ಮುಂದಿರುವ -4 ಕ್ಕೆ ಕಡ್ಡಿ ಇಲ್ಲ. ಅದು ನಾಲ್ಕು ಸಾವಿರವಾದರೂ ಇಲ್ಲ. 5³x² ಕೊಟ್ಟರೆ ಮಕ್ಕಳು ಐದು ಎನ್ನುತ್ತಾರೆ. ಘಾತ ಎರಡೇ. ಸಂಖ್ಯೆಯ ತಲೆಯ ಮೇಲಿನದ್ದನ್ನು ಎಣಿಸಬಾರದು.

9 ಕ್ಕೆ ಘಾತ ಸೊನ್ನೆ. ಅಕ್ಷರ ಇಲ್ಲ, ಕಡ್ಡಿ ಇಲ್ಲ. ಆದರೆ ಪದ ಉಂಟು. 0 ಯ ವಿಷಯ ಬೇರೆ. ಅದನ್ನು 0 ಗುಣಿಸು x ಎಂದೂ ಬರೆಯಬಹುದು, 0 ಗುಣಿಸು x⁹ ಎಂದೂ ಬರೆಯಬಹುದು. ಯಾವ ಘಾತ ಹೇಳಿದರೂ ಸುಳ್ಳು. ಆದ್ದರಿಂದ ಅದಕ್ಕೆ ಘಾತ ಹೇಳುವ ಕ್ರಮವಿಲ್ಲ. ಮಕ್ಕಳು ಒತ್ತಾಯಿಸಿದರೆ ಸುಮ್ಮನಿರು.

ಫೋನ್ ನಂಬರ್ ಕೇಳಬೇಡ. ಫೋನಿನಲ್ಲಿ ಸ್ವರ ಗೊತ್ತಾಗುತ್ತದೆ.

ನಾನು ಕೇಳುವುದು ಒಂದೇ. ಆ ಲಕೋಟೆಯೊಳಗೆ ಕಾಗದ ಇತ್ತೇ?

ವಾರಿಜಾ


ಸಿದ್ಧಕಟ್ಟೆ
27 ಆಗಸ್ಟ್ 2024

ಪ್ರೀತಿಯ ವಾರಿಜಕ್ಕ,

ಉತ್ತರ ಬಂತು! ಸ್ಟಾಫ್ ರೂಮಿನಲ್ಲಿ ನಾನು ಕೂಗಿದ ಕೂಗಿಗೆ ಹಿಂದಿ ಟೀಚರ್ ಚಾ ಚೆಲ್ಲಿಕೊಂಡರು. ಕಡ್ಡಿ ಏನು ಚೆನ್ನಾಗಿ ಕೆಲಸ ಮಾಡಿತು ಅಂತೀರಿ! ಈಗ ಮಕ್ಕಳು ಕಡ್ಡಿ ಇಲ್ಲದೆ ಬೆರಳು ಮಡಚಿಯೇ ಹೇಳುತ್ತಾರೆ. ಮೋಕ್ಷಿತಾ ಮಾತ್ರ ಸೊನ್ನೆಯನ್ನು ಬಿಡಲಿಲ್ಲ. "ಘಾತ ಇಲ್ಲ ಅಂದ್ರೆ ಅದು ಏಕಪದ ಹೌದಾ ಅಲ್ಲವಾ ಮಿಸ್?" ಎಂದಳು. ನೀವು ಹೇಳಿದ ಹಾಗೆ ಸುಮ್ಮನಿದ್ದೆ. ನನಗೆ ಅದು ಎಷ್ಟು ಕಷ್ಟ ಗೊತ್ತಾ?

ಆಟಿ ಮುಗಿದು ಸಿದ್ಧಕಟ್ಟೆಗೆ ಬಂದೆ. ಹೋಟೆಲಿನ ಹಿಂದೆ ನಮ್ಮ ಮನೆ ಹಾಗೆಯೇ ಉಂಟು. ಮಾವನ ಸ್ವರವೂ ಹಾಗೆಯೇ. ಕ್ಯಾಶ್ ಟೇಬಲಿನಿಂದ "ಎರಡು ಬನ್ಸ್, ಒಂದು ಗೋಳಿಬಜೆ!" ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ.

ನಿಮ್ಮ ಕಾಗದವನ್ನು ಅತ್ತೆಗೆ ತೋರಿಸಿದೆ. ಬೈಯಬೇಡಿ, ನನಗೆ ತಡೆಯಲಾಗಲಿಲ್ಲ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅತ್ತೆಗೆ ಕನ್ನಡಕ ಇಲ್ಲದೆ ಓದಲಾಗುವುದಿಲ್ಲ. ಕನ್ನಡಕ ಪಕ್ಕದಲ್ಲೇ ಇತ್ತು, ಹಾಕಿಕೊಳ್ಳಲೇ ಇಲ್ಲ. "ಅಕ್ಷರ ಹಾಗೆಯೇ ಉಂಟು" ಎಂದಷ್ಟೇ ಹೇಳಿ ವಾಪಸು ಕೊಟ್ಟರು.

ಲಕೋಟೆಯೊಳಗೆ ಏನೂ ಇರಲಿಲ್ಲ ಅಕ್ಕ. ಖಾಲಿ. ನಾನು ನೋಟ್‌ಬುಕ್ಕನ್ನು ಪುಟಪುಟ ಕೊಡವಿ ನೋಡಿದೆ. ಆ ಕಾಗದದಲ್ಲಿ ಏನಿತ್ತು?

ಯಾವಾಗ ಬರುತ್ತೀರಿ?

ನಿಮ್ಮ,
ಪ್ರಾಪ್ತಿ


ಬೆಳ್ತಂಗಡಿ
10 ಸೆಪ್ಟೆಂಬರ್ 2024

ಪ್ರಾಪ್ತಿಗೆ,

ಹಾಗಾದರೆ ನಾನು ಬರುವುದಿಲ್ಲ.

ಅಮ್ಮ ಅದನ್ನು ಓದಿದ್ದರೆ ಒಂದು ಸಾಲು ಉತ್ತರ ಬರೆಯದೆ ಇರುತ್ತಿರಲಿಲ್ಲ. ಅಪ್ಪ ಟೇಬಲಿನಿಂದಲೇ ಅದನ್ನು ಒಲೆಗೆ ಹಾಕಿರಬೇಕು, ಅಮ್ಮನಿಗೆ ಖಾಲಿ ಲಕೋಟೆ ಮಾತ್ರ ಸಿಕ್ಕಿರಬೇಕು. ನನ್ನನ್ನು ಬೇಡ ಎಂದದ್ದಕ್ಕೆ ನನಗೆ ಈಗ ಸಿಟ್ಟಿಲ್ಲ. ನಾನು ನಡೆದುಕೊಂಡೇ ಹೋದವಳು, ಯಾರೂ ದೂಡಲಿಲ್ಲ. ಆದರೆ ಆ ಕಾಗದದಲ್ಲಿದ್ದದ್ದು ನನ್ನ ವಿಷಯ ಮಾತ್ರವಲ್ಲ. ಅದನ್ನು ಅಮ್ಮ ಓದಿದ್ದಾಳೆಂದು ಗೊತ್ತಾದ ದಿನ ಬರುತ್ತೇನೆ. ಅಲ್ಲಿಯವರೆಗೆ ಲೆಕ್ಕದ ಪ್ರಶ್ನೆ ಇದ್ದರೆ ಬರೆ.

ಜಿತೇಶನಿಗೆ ಹದಿನಾಲ್ಕರ ಮಗ್ಗಿ ಈಗಲಾದರೂ ಬರುತ್ತದೆಯೇ ಕೇಳು.

ವಾರಿಜಾ


ಸಿದ್ಧಕಟ್ಟೆ
14 ಅಕ್ಟೋಬರ್ 2024

ಪ್ರೀತಿಯ ವಾರಿಜಕ್ಕ,

ಹದಿನಾಲ್ಕರ ಮಗ್ಗಿಯಲ್ಲಿ ಹದಿನಾಲ್ಕು ಆರಲಿ ಎಂಬತ್ನಾಲ್ಕರವರೆಗೆ ಬಂದರು, ಅಲ್ಲಿಂದ ಮುಂದೆ "ಗಿರಾಕಿ ಬಂದರು" ಎಂದು ಓಡಿದರು!

ನಿಮ್ಮ ಕಳೆದ ಪತ್ರಕ್ಕೆ ಏನು ಹೇಳಬೇಕೋ ಗೊತ್ತಾಗದೆ ಇಷ್ಟು ದಿನ ಸುಮ್ಮನಿದ್ದೆ. ಇವತ್ತು ಲೆಕ್ಕದ್ದೇ ಒಂದು ತಮಾಷೆ ಉಂಟು, ಹೇಳಲೇಬೇಕು.

ನವರಾತ್ರಿಯ ಮಾರ್ನೆಮಿಗೆ ಹಿರಿಯರಿಗೆ ಬಡಿಸಿದೆವು. ನನಗೆ ಇದು ಮೊದಲ ವರ್ಷವಲ್ಲವಾ, ಅತ್ತೆ ನನಗೇ ಬಾಳೆಎಲೆ ಹಾಕಲು ಹೇಳಿದರು. ನಾನು ಹೊಸ ಸೀರೆ ಉಟ್ಟು ದೊಡ್ಡ ಯಜಮಾನಿಯ ಹಾಗೆ ನಿಂತು ಗೋಡೆಯ ಫೋಟೋ ನೋಡಿ ಎಣಿಸಿದೆ. ಅತ್ತೆಯ ಅಜ್ಜಿ, ಅಮ್ಮ, ಇಬ್ಬರು ಮಾವಂದಿರು, ದೊಡ್ಡಮ್ಮ, ತೀರಿಹೋದ ತಂಗಿ. ಆರು ಎಲೆ ಹಾಕಿದೆ. ಕೋಳಿಸಾರು, ಕಡುಬು, ಮೀನು, ಮಾವಂದಿರಿಗೆ ಅವರವರ ಬೀಡಿ. ಅತ್ತೆ ಒಬ್ಬೊಬ್ಬರ ಹೆಸರು ಹೇಳಿ, "ಬನ್ನಿ, ಉಣ್ಣಿ" ಎಂದು ಕರೆದರು.

ಎಲ್ಲ ಆದ ಮೇಲೆ ಅತ್ತೆ ಏಳನೆಯ ಎಲೆ ತಂದರು. ಎಲೆಯೂ ಅಲ್ಲ, ಎಲೆಯ ತುದಿ, ಅಂಗೈಯಷ್ಟು. ಅದನ್ನು ತಮ್ಮ ಅಮ್ಮನ ಎಲೆಗೆ ತಾಗಿಸಿ ಇಟ್ಟರು. ಕೋಳಿ ಇಲ್ಲ, ಖಾರ ಇಲ್ಲ. ಅನ್ನವನ್ನು ಹಾಲಿನಲ್ಲಿ ನುಣ್ಣಗೆ ಕಿವುಚಿ ಒಂದು ಚಮಚ, ಬೆಲ್ಲದ ಒಂದು ಚೂರು. ಹೆಸರು ಕರೆಯಲಿಲ್ಲ. ಮೆಲ್ಲಗೆ ಸೆರಗಿನಿಂದ ಗಾಳಿ ಹಾಕಿದರು.

"ಇದು ಯಾರಿಗೆ ಅತ್ತೆ? ಫೋಟೋ ಆರೇ ಉಂಟಲ್ಲ" ಎಂದು ಕೇಳಿದೆ.

"ಫೋಟೋ ಇಲ್ಲದ್ದು ಒಂದು ಉಂಟು" ಎಂದರು.

ಹಲ್ಲೆಲ್ಲ ಬಿದ್ದ ಯಾರೋ ಹಳೆಯ ಅಜ್ಜ ಇರಬೇಕು ಎಂದುಕೊಂಡೆ, ಪಾಪ! ಆದರೆ ನನಗೆ ಒಳಗೊಳಗೇ ನಗು. ನೋಡಿ, ನಾನು ಮತ್ತೆ b ಯನ್ನು ಬಿಟ್ಟೆ! ಬರೆಯದಿದ್ದರೂ ಒಂದು ಉಂಟು ಎಂದು ನಿಮ್ಮಿಂದ ಹತ್ತು ಸಲ ಓದಿದ ಮೇಲೂ ಆರು ಎಂದೆ. ಅತ್ತೆಗೆ ಶಾಲೆಯ ಲೆಕ್ಕ ಬಾರದಿದ್ದರೂ ಏಳು ಎಂದು ಗೊತ್ತಿತ್ತು. ನಿಮಗೆ ಹೇಳಿದರೆ ನಗುತ್ತೀರಿ ಎಂದು ಬರೆದೆ.

ನಗಿ ಅಕ್ಕ, ಒಮ್ಮೆ.

ಪ್ರಾಪ್ತಿ


ಸಿದ್ಧಕಟ್ಟೆ
21 ನವೆಂಬರ್ 2024

ಪ್ರೀತಿಯ ವಾರಿಜಕ್ಕ,

ದೀಪಾವಳಿ ಪರ್ಬ ಕಳೆದು ಮೂರು ವಾರವಾಯಿತು. ನಿಮ್ಮಿಂದ ಉತ್ತರ ಇಲ್ಲ. ದಿನಾ ಶಾಲೆಯ ಟಪಾಲು ಪೆಟ್ಟಿಗೆ ನೋಡುತ್ತೇನೆ. ನನ್ನ ಪತ್ರದಲ್ಲಿ ಏನಾದರೂ ತಪ್ಪಾಯಿತಾ? ನಾನು ಮೊದಲು ಮಾತಾಡಿ ಆಮೇಲೆ ಯೋಚಿಸುವವಳು. ಅಮ್ಮ ಇದನ್ನೇ ಹೇಳಿ ಹೇಳಿ ಸೋತಿದ್ದಾರೆ.

ಅತ್ತೆಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಮಗೆ ಗೊತ್ತಲ್ಲ. ಕಾಲಿನ ಗಾಯ ಒಣಗುತ್ತಿಲ್ಲ. ಎರಡು ಬೆರಳು ತೆಗೆದಿದ್ದಾರೆ. ಮಾವ ಆಸ್ಪತ್ರೆಯಲ್ಲಿ ನರ್ಸಿಗೆ ಜೋರು ಮಾಡುತ್ತಾರೆ, ಆಮೇಲೆ ಹೊರಗೆ ಬೆಂಚಿನಲ್ಲಿ ಹೋಗಿ ಕೂರುತ್ತಾರೆ. ಅತ್ತೆ ನಿಮ್ಮನ್ನು ಕೇಳಿಲ್ಲ. ಆದರೆ ನಾನು ಹತ್ತಿರ ಹೋದಾಗಲೆಲ್ಲ "ಕಾಗದ ಬಂತಾ?" ಎನ್ನುತ್ತಾರೆ. ಯಾರದ್ದೆಂದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಪ್ರಾಪ್ತಿ


ಬೆಳ್ತಂಗಡಿ
8 ಡಿಸೆಂಬರ್ 2024

ಪ್ರೀತಿಯ ಪ್ರಾಪ್ತಿ,

ನಿನ್ನ ತಪ್ಪಿಲ್ಲ. ಮಾರ್ನೆಮಿಯ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಂಗೈಯಷ್ಟು ಎಲೆ, ಹಾಲು ಅನ್ನ, ಸೆರಗಿನ ಗಾಳಿ ಎಂದು ನೀನು ಬರೆದಿದ್ದೆ. ಅದು ಹಲ್ಲು ಬಿದ್ದ ಅಜ್ಜನದ್ದಲ್ಲ. ಹಲ್ಲು ಮೂಡದ ಮಗುವಿನದ್ದು.

2015ರ ಜೂನಿನಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ಹನ್ನೊಂದು ದಿನ ಇತ್ತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನನ್ನ ಅತ್ತೆ ಸೇಸಮ್ಮ ತೊಟ್ಟಿಲು ತೊಳೆದು ಬಿಸಿಲಿಗೆ ಇಟ್ಟಿದ್ದರು. ಹಿಂದಿನ ಸಂಜೆ ಮಗು ಹಾಲು ಬಿಟ್ಟಿತು. ಹೃದಯದಲ್ಲಿ ತೂತು ಇತ್ತಂತೆ. ಹಿತ್ತಿಲಲ್ಲಿ ಹಲಸಿನ ಮರದ ಬುಡದಲ್ಲಿ ಮಾವ ಜತ್ತಪ್ಪ ಮತ್ತು ಧನರಾಜ್ ಮಣ್ಣು ಮಾಡಿದರು. ಮರುದಿನ ಅಮ್ಮನಿಗೆ ಬರೆದೆ. ಬಾ ಎಂದು ಬರೆಯಲಿಲ್ಲ. ನಿನಗೆ ಮೊಮ್ಮಗಳು ಹುಟ್ಟಿದ್ದಳು ಎಂದು ಮಾತ್ರ ಬರೆದೆ.

ನಮ್ಮಲ್ಲಿ ಮಗಳ ಮಕ್ಕಳಲ್ಲವೇ ಮನೆಯ ಕುಟುಂಬಕ್ಕೆ ಸೇರುವುದು? ನಾಳೆ ನಿನ್ನ ಮಕ್ಕಳು ತೋಡಾರಿನ ಕುಟುಂಬದವರು, ಜಿತೇಶನ ಮಕ್ಕಳಾದರೂ ಅಮ್ಮನ ಕುಟುಂಬದವರಲ್ಲ. ಅಮ್ಮನಿಗೆ ಅಂತ ಇದ್ದದ್ದು ಅವಳೊಬ್ಬಳೇ. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಒಂಬತ್ತು ವರ್ಷ ನಾನು ಅಂದುಕೊಂಡದ್ದು ಇಷ್ಟೆ: ನನ್ನನ್ನು ಬಿಟ್ಟರು, ಸರಿ. ಅವಳನ್ನು ಹುಟ್ಟಿದವಳೆಂದು ಕೂಡ ಎಣಿಸಲಿಲ್ಲವಲ್ಲ ಎಂದು.

ಆ ಮನೆಯಲ್ಲಿ ಹಲ್ಲು ಮೂಡುವ ಮೊದಲು ಹೋದ ಮಕ್ಕಳಿಗೆ ಎಲೆ ಹಾಕುವ ಕ್ರಮ ಇಲ್ಲ. ನನ್ನ ಅಜ್ಜಿಯ ಎರಡು ಮಕ್ಕಳಿಗೂ ಹಾಕಿದ್ದಿಲ್ಲ. ಅಮ್ಮ ಆ ಕ್ರಮ ಮುರಿದಿದ್ದಾಳೆ. ಹಾಗಾದರೆ ಅವಳು ಓದಿದ್ದಾಳೆ.

ನಾನು ಬರುತ್ತೇನೆ ಪ್ರಾಪ್ತಿ. ನನ್ನ ಹತ್ತಿರ ಎಸೆಸೆಲ್ಸಿಯ ಐದು ಮಕ್ಕಳಿದ್ದಾರೆ, ಲೆಕ್ಕದಲ್ಲಿ ಕಷ್ಟದವರು. ಏಪ್ರಿಲ್ ನಾಲ್ಕಕ್ಕೆ ಪರೀಕ್ಷೆ ಮುಗಿಯುತ್ತದೆ. ಐದಕ್ಕೆ ಬರುತ್ತೇನೆ. ನಾಳೆಯೇ ಏಕೆ ಬರಬಾರದು ಎಂದು ನೀನು ಕೇಳುತ್ತೀ. ಹನ್ನೆರಡು ವರ್ಷವಾಯಿತು. ಅಪ್ಪನ ಸ್ವರ ನೆನೆದರೆ ನನಗೆ ಈಗಲೂ ಹೆದರಿಕೆ. ನನಗೆ ಸ್ವಲ್ಪ ಸಮಯ ಬೇಕು. ಅಮ್ಮನಿಗೆ ಹೇಳು: ಎಲೆಯ ವಿಷಯ ನನಗೆ ಗೊತ್ತಾಯಿತು ಎಂದು.

ನಿನ್ನ ಅಕ್ಕ,
ವಾರಿಜಾ


ಸಿದ್ಧಕಟ್ಟೆ
19 ಮಾರ್ಚ್ 2025

ವಾರಿಜಕ್ಕ,

ಅತ್ತೆಯ ಹದಿಮೂರರ ಕ್ರಿಯೆ ಕಳೆಯಿತು. ನೆಂಟರೆಲ್ಲ ಹೋದರು. ಈಗ ಬರೆಯುತ್ತಿದ್ದೇನೆ.

ಮಾರ್ಚ್ ಎರಡರಂದು ಬೆಳಿಗ್ಗೆ ಜಿತೇಶ್ ಬೈಕಿನಲ್ಲಿ ನಿಮ್ಮಲ್ಲಿಗೆ ಬಂದು ಸುದ್ದಿ ಹೇಳಿದಾಗ ನೀವು ಕೂಡಲೇ ಚಪ್ಪಲಿ ಹುಡುಕಿದಿರಂತೆ. ಅವರು ಹೇಳಿದರು.

ನಾನು ನಿಮ್ಮನ್ನು ನೋಡಿದೆ. ಫೋಟೋದಲ್ಲಿಯೂ ನೋಡಿದವಳಲ್ಲ, ಆದರೂ ಗೊತ್ತಾಯಿತು. ಅತ್ತೆಯ ಹಣೆ, ಅತ್ತೆಯ ನಿಲುವು. ರಸ್ತೆಯ ಆಚೆ ಬದಿ, ಮುಚ್ಚಿದ ಜೆರಾಕ್ಸ್ ಅಂಗಡಿಯ ಎದುರು ನಿಂತಿದ್ದಿರಿ. ಪಕ್ಕದಲ್ಲಿದ್ದವರು ಧನರಾಜ್ ಭಾವ ಇರಬೇಕು. ನಾನು ಅತ್ತೆಯ ತಲೆಯ ಬಳಿ ಕೂತಿದ್ದೆ. ಎರಡೂ ಕಡೆ ದೊಡ್ಡ ಹೆಂಗಸರು. ಮಾವ ಮೆಟ್ಟಿಲಲ್ಲಿ ನಿಂತಿದ್ದರು. ಅವರೂ ನಿಮ್ಮನ್ನು ನೋಡಿದರು. ಅವರು ಕರೆಯುತ್ತಾರೆ ಎಂದು ನಾನು ಕಾದೆ. ನಾನು ಕಾದೆ ಅಕ್ಕ. ಇಡೀ ಜೀವನದಲ್ಲಿ ಸುಮ್ಮನಿರಲು ಬಾರದ ನಾನು ಆ ಅರ್ಧ ಗಂಟೆ ಸುಮ್ಮನಿದ್ದೆ. ಎದ್ದು ಬಾಗಿಲಿಗೆ ಬಂದು "ಒಳಗೆ ಬನ್ನಿ" ಎಂಬ ಎರಡು ಶಬ್ದ ಹೇಳಬೇಕಿತ್ತು. ಮದುವೆಯಾಗಿ ಒಂದು ವರ್ಷದ ಸೊಸೆ, ಯಾರಿಗೆ ಏನನ್ನಿಸುತ್ತದೋ ಎಂದುಕೊಂಡೆ. ಅತ್ತೆಯನ್ನು ಎತ್ತಿದಾಗ ಮತ್ತೆ ನೋಡಿದೆ. ಅಂಗಡಿಯ ಎದುರು ಯಾರೂ ಇರಲಿಲ್ಲ.

ನಿಮ್ಮ ಡಿಸೆಂಬರಿನ ಮಾತನ್ನು ಅತ್ತೆಗೆ ಹೇಳಿದ್ದೆ. ಎಲೆಯ ವಿಷಯ ಅಕ್ಕನಿಗೆ ಗೊತ್ತಾಯಿತು, ಏಪ್ರಿಲ್ ಐದಕ್ಕೆ ಬರುತ್ತಾರೆ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಹಾಗೆಯೇ ಮಲಗಿ, "ಆ ನೋಟ್‌ಬುಕ್ ಅವಳಿಗೇ ಕೊಡು, ಲಕೋಟೆ ಅದರಲ್ಲೇ ಇರಲಿ" ಎಂದರು. ಲಕೋಟೆಯನ್ನು ಅವರು ಮರೆತು ಅದರಲ್ಲಿ ಬಿಟ್ಟದ್ದಲ್ಲ ಎಂದು ನನಗೆ ಹೊಳೆದದ್ದು ಆಗ. ನಾನು ನಿಮಗೆ ಬರೆಯಲಿ ಎಂದೇ ಇಟ್ಟಿದ್ದರು.

ಆಮೇಲೆ ದಿನಾ ಬೆಳಿಗ್ಗೆ ಕ್ಯಾಲೆಂಡರ್ ಕೇಳುತ್ತಿದ್ದರು. ಇನ್ನೂ ಮೂವತ್ತೈದು ದಿನ ಉಂಟು ಎಂದು ಹೇಳಿದ್ದು ಕೊನೆ.

ಕ್ಷಮಿಸಿ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಪ್ರಾಪ್ತಿ


ಸಿದ್ಧಕಟ್ಟೆ
4 ಅಕ್ಟೋಬರ್ 2025

ಪ್ರೀತಿಯ ವಾರಿಜಕ್ಕ,

ಏಪ್ರಿಲಿನಲ್ಲಿ ನೀವು ಬರೆದ ಮೂರು ಸಾಲು ನನ್ನ ಹತ್ತಿರ ಉಂಟು. "ನೀನು ಕರೆದಿದ್ದರೂ ನಾನು ಬರುತ್ತಿರಲಿಲ್ಲವೇನೋ" ಎಂದಿದ್ದೀರಿ. ಅದು ನನ್ನ ಸಮಾಧಾನಕ್ಕೆ ಬರೆದದ್ದು ಎಂದು ನನಗೆ ಗೊತ್ತು. ಆಮೇಲೆ ನೀವು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯದೆ ಇರಲು ಆಗುವುದಿಲ್ಲ.

ನವಮಿಗೆ ಹಿರಿಯರಿಗೆ ಬಡಿಸಿದೆವು. ಅತ್ತೆಯನ್ನು ಹಿರಿಯರ ಜೊತೆಗೆ ಸೇರಿಸಿ ಆಗಿತ್ತು. ನಾನು ಏಳು ಎಲೆ ಹಾಕಿದೆ. ಎಂಟು ಎಂದು ನನಗೆ ಗೊತ್ತಿತ್ತು ಅಕ್ಕ, ಈ ಸಲ ಮರೆತದ್ದಲ್ಲ. ಮಾವನಿಗೆ ಗೊತ್ತಿಲ್ಲವೆಂದೇ ನಂಬಿದ್ದೆ, ಗೊತ್ತಾದರೆ ಏನಾಗುತ್ತದೋ ಎಂದು ಹೆದರಿದೆ. ಅವರು ಮಲಗಿದ ಮೇಲೆ ಅಡುಗೆಮನೆಯಲ್ಲೇ ಒಂದು ಚಿಕ್ಕ ಎಲೆ ಇಡುವ ಎಂದುಕೊಂಡಿದ್ದೆ.

ಬಡಿಸಿ ಆಯಿತು. ಮಾವ ಎದ್ದು ಎಲೆಗಳನ್ನು ನೋಡುತ್ತ ನಿಂತರು. ಆಮೇಲೆ ಹಿತ್ತಿಲಿಗೆ ಹೋದರು. ಜಿತೇಶ್ ನನ್ನ ಮುಖ ನೋಡಿದರು. ಮಾವ ಬಂದಾಗ ಅವರ ಕೈಯಲ್ಲಿ ಬಾಳೆಎಲೆಯ ತುದಿ ಇತ್ತು, ಅಂಗೈಯಷ್ಟು. ಅದನ್ನು ಅತ್ತೆಯ ಎಲೆಗೆ ತಾಗಿಸಿ ಇಟ್ಟರು.

"ಹಾಲು ಉಂಟಾ?" ಎಂದು ಕೇಳಿದರು.

ತಂದುಕೊಟ್ಟೆ. ಲೋಟವನ್ನು ಕೆನ್ನೆಗೆ ತಾಗಿಸಿ ನೋಡಿದರು. "ಬಿಸಿ ಉಂಟು, ಸುಡ್ತದೆ" ಎಂದು ಇನ್ನೊಂದು ಲೋಟಕ್ಕೆ ಹೊಯ್ದು ಆರಿಸತೊಡಗಿದರು. ಹೋಟೆಲಿನಲ್ಲಿ ಚಾ ಆರಿಸುವ ಹಾಗೆ ಎತ್ತರದಿಂದ ಅಲ್ಲ. ಲೋಟಕ್ಕೆ ಲೋಟ ತಾಗಿಸಿ, ಶಬ್ದ ಆಗದ ಹಾಗೆ.

ಜಿತೇಶ್, "ಅಪ್ಪ, ನಿಮಗೆ ಗೊತ್ತಿತ್ತಾ?" ಎಂದರು.

"ಕಾಗದ ಮೊದಲು ಬರುವುದು ನನ್ನ ಟೇಬಲಿಗಲ್ಲವಾ" ಎಂದರು ಮಾವ. "ಓದಿದೆ. ಅವಳ ಕೈಗೆ ಕೊಟ್ಟದ್ದೂ ನಾನೇ. ಉತ್ತರ ಬರೆಯುವುದು ಬೇಡ ಎಂದದ್ದೂ ನಾನೇ. ಆ ವರ್ಷದಿಂದ ಅವಳು ಎಲೆ ಇಟ್ಟಳು. ನಾನು ನೋಡದ ಹಾಗೆ ಮಾಡಿದೆ. ಅಷ್ಟೇ ನಾನು ಮಾಡಿದ್ದು."

ಕಾಗದ ಎಲ್ಲಿ ಎಂದು ನಾನು ಕೇಳಿದೆ. ಅತ್ತೆಯ ತಲೆದಿಂಬಿನ ಕವರಿನಲ್ಲಿ ಇತ್ತಂತೆ. ಮಡಿಕೆಯಲ್ಲಿ ನಾಲ್ಕು ತುಂಡಾಗಿತ್ತಂತೆ. "ಅವಳ ಜೊತೆಗೇ ಇಟ್ಟು ಕಳಿಸಿದೆ" ಎಂದರು.

ಆಮೇಲೆ ರಸ್ತೆಯ ಆಚೆ ನೀವು ನಿಂತ ದಿನದ ಮಾತು ಅವರೇ ತೆಗೆದರು. "ಕರೆಯುವ ಅಂತ ಬಾಯಿ ತೆಗೆದೆ. ಇಡೀ ಪೇಟೆಗೆ ಕೇಳುವ ಸ್ವರ ನನ್ನದು. ಆ ದಿನ ಬರಲಿಲ್ಲ" ಎಂದರು.

ಹೆಸರು ಕರೆಯುವ ಹೊತ್ತಾಯಿತು. ಏಳು ಹೆಸರು ಕರೆದರು. ಅತ್ತೆಯನ್ನು "ಕಾಂತಿ, ಬಾ" ಎಂದರು. ಚಿಕ್ಕ ಎಲೆಯ ಎದುರು ಬಂದು ನಿಂತರು. ನಿಂತೇ ಇದ್ದರು. ನನ್ನ ಕಡೆ ತಿರುಗಿ, "ಹೆಸರು ಏನು ಇಟ್ಟಿದ್ದರಂತೆ? ನೀನು ಅವಳಿಗೆ ಬರೆಯುತ್ತೀಯಲ್ಲ, ಕೇಳು" ಎಂದರು. ಇವರಿಗೆ ಹೇಗೆ ಗೊತ್ತು ಎಂದು ಅವರ ಮುಖ ನೋಡಿದೆ. "ನೀನು ಕಾಗದ ಹಾಕುವುದು ಸಿದ್ಧಕಟ್ಟೆಯ ಪೋಸ್ಟಿನಲ್ಲಲ್ಲವಾ? ಪೋಸ್ಟಿನ ಜಯಪ್ರಕಾಶ್ ದಿನಾ ಚಾ ಕುಡಿಯುವುದು ಎಲ್ಲಿ?" ಎಂದರು.

ಹೆಸರು ಇಟ್ಟಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಅವರು ಎಲೆಯ ಮುಂದೆ ಹಾಗೆಯೇ ಕೂತರು. ಆ ಎಲೆಯನ್ನು ಮಾತ್ರ ಯಾರಿಗೂ ತೆಗೆಯಲು ಬಿಡಲಿಲ್ಲ, ತಾವೇ ತೆಗೆದರು.

ಏನು ಹೇಳಲಿ ಅಕ್ಕ? ಬರೆದು ಕಳಿಸಿ. ಅಥವಾ ನೀವೇ ಬಂದು ಹೇಳಿ. ಈ ಸಲ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ಯಾರು ಕರೆಯಲಿ ಬಿಡಲಿ, ನಾನು ಕರೆಯುತ್ತೇನೆ.

ನಿಮ್ಮ,
ಪ್ರಾಪ್ತಿ


ಬೆಳ್ತಂಗಡಿ
13 ಅಕ್ಟೋಬರ್ 2025

ಪ್ರೀತಿಯ ಪ್ರಾಪ್ತಿ,

ಅವಳಿಗೆ ಹೆಸರು ಇಟ್ಟಿರಲಿಲ್ಲ. ಹನ್ನೊಂದು ದಿನ ನಾವೆಲ್ಲ ಕರೆದದ್ದು "ಬಾಲೆ" ಎಂದು ಮಾತ್ರ. ತುಳುವಿನಲ್ಲಿ ಎಲ್ಲ ಕೂಸುಗಳಿಗೂ ಅದೇ ಹೆಸರು. ಆದರೆ ಅವಳು ಅದಕ್ಕೇ ಕಣ್ಣು ತಿರುಗಿಸುತ್ತಿದ್ದಳು.

ನಾನು ಯಾವತ್ತು ಬರುತ್ತೇನೆ ಎಂದು ಈ ಸಲ ದಿನ ಬರೆಯುವುದಿಲ್ಲ. ದಿನ ಬರೆದು ಒಮ್ಮೆ ಸೋತಿದ್ದೇನೆ. ನೋಟ್‌ಬುಕ್ ನಿನ್ನಲ್ಲೇ ಇರಲಿ, ಬಂದು ತೆಗೆದುಕೊಳ್ಳುತ್ತೇನೆ.

ಅಪ್ಪನಿಗೆ ಹೇಳು. ಬಾಲೆ ಎಂದರೆ ಸಾಕು, ಬರುತ್ತಾಳೆ. ಮೆಲ್ಲಗೆ ಕರೆಯಲಿ. ದೊಡ್ಡ ಸ್ವರ ಕೇಳಿದರೆ ಬೆಚ್ಚಿಬೀಳುತ್ತಿದ್ದಳು.

ವಾರಿಜಾ